ಖಾಲಿ ಬಿಟ್ಟ ನಾಲ್ಕನೇ ಸಾಲು

"ಪರೀಕ್ಷೆಯನ್ನೂ ನಿಮ್ಮ ಮನೆಯವರೇ ಬಂದು ಬರೀತಾರೇನಮ್ಮಾ?"

ಮನೆಯಲ್ಲಿ ಕೇಳಿ ಬರೀತೀನಿ ಎಂದದ್ದಕ್ಕೆ ಪ್ರೊಫೆಸರ್ ಸೋಮಸುಂದರಂ ತಮಿಳಿನಲ್ಲಿ ಹೀಗೆ ಕೇಳಿದಾಗ ರಂಗನಾಯಕಿ ತಲೆ ತಗ್ಗಿಸಿ ಸುಮ್ಮನೆ ನಕ್ಕಳು. ಅಳು ಬರುವ ಹೊತ್ತಿನಲ್ಲೆಲ್ಲ ನಕ್ಕುಬಿಡುವುದು ಅವಳಿಗೆ ಚಿಕ್ಕಂದಿನಿಂದ ಬಂದ ಚಟ.

ಅವರ ಮೇಜಿನ ಮೇಲೆ ಅವಳ ಫಾರಂ ಬಿದ್ದಿತ್ತು. ಎಂಬತ್ತನಾಲ್ಕರ ಆಗಸ್ಟ್ ತಿಂಗಳು. ಕೊಯಮತ್ತೂರಿನ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಸೇರಿದವರೆಲ್ಲ ಆ ವಾರ ಅದನ್ನು ತುಂಬಿ ಕೊಡಬೇಕಿತ್ತು. ಇದ್ದದ್ದು ನಾಲ್ಕೇ ಸಾಲು. ಮೊದಲನೆಯದು ಮೇಜರ್, ಓದಲು ಬಂದ ಮುಖ್ಯ ವಿಷಯ. ಅಲ್ಲಿ ಹಾರ್ಟಿಕಲ್ಚರ್ ಎಂದು ಅವಳು ಮೊದಲ ದಿನವೇ ಬರೆದಿದ್ದಳು. ಎರಡನೆಯದು ಮೈನರ್, ಮುಖ್ಯ ವಿಷಯದ ಜತೆಗೆ ಮೂರು ಕೋರ್ಸು ಓದಬೇಕಾದದ್ದು. ಮೂರು ಮತ್ತು ನಾಲ್ಕು ಸಪೋರ್ಟಿಂಗ್ ವಿಷಯಗಳು. ಮೂರನೆಯ ಸಾಲಿನಲ್ಲಿ ಸ್ಟಾಟಿಸ್ಟಿಕ್ಸ್ ಎಂದು ಆಫೀಸಿನವರೇ ಎಲ್ಲರಿಗೂ ಟೈಪ್ ಮಾಡಿಟ್ಟಿದ್ದರು. ಎರಡನೆಯದೂ ನಾಲ್ಕನೆಯದೂ ಇನ್ನೂ ಖಾಲಿ.

"ಮೈನರ್‌ಗೆ ಎಂಟಮಾಲಜಿ, ಕೀಟಶಾಸ್ತ್ರ, ಬರಿ ಅಂತ ನಾನು ಹೇಳಿ ಹದಿನೈದು ದಿನ ಆಯ್ತು," ಎಂದರು ಸೋಮಸುಂದರಂ. "ಹಾಗಲ ಹೂವಿಗೆ ಯಾವ ಜೇನು ಎಷ್ಟು ಗಂಟೆಗೆ ಬರುತ್ತೆ ಅಂತ ನೋಟ್‌ಬುಕ್ ತುಂಬ ಬರೆದಿಟ್ಟಿರೋ ಹುಡುಗಿ ಈ ಕಾಲೇಜಿನಲ್ಲಿ ನೀನೊಬ್ಬಳೇ. ಇನ್ನೇನು ಯೋಚನೆ?"

"ಎಂಟಮಾಲಜಿ ಆದ್ರೆ ಎಷ್ಟು ದಿನ ಆಗುತ್ತೆ ಸಾರ್?"

"ಎರಡು ಸೀಸನ್ ಹೂ ನೋಡಬೇಕು. ಮಳೆ ಕೈಕೊಟ್ಟರೆ ಇನ್ನೊಂದು ಸೀಸನ್. ಮೂರು ವರ್ಷ ಹಿಡಿದರೂ ಹಿಡಿದೀತು. ಮಾರ್ಕೆಟಿಂಗ್‌ನಂಥಾದ್ದು ತಗೊಂಡ್ರೆ ಹೊಲದ ಕೆಲಸ ಇಲ್ಲ, ಎರಡೇ ವರ್ಷಕ್ಕೆ ಮುಗಿಸಿ ಹೋಗಬಹುದು. ನೋಡು, ಶುಕ್ರವಾರ ಐದು ಗಂಟೆಗೆ ನಾನು ಸೈನ್ ಹಾಕಿ ಡೀನ್ ಆಫೀಸಿಗೆ ಕಳಿಸ್ತೇನೆ. ಆಮೇಲೆ ಬ್ರಹ್ಮ ಬಂದರೂ ಬದಲಾಯಿಸೋಕೆ ಆಗಲ್ಲ."

ಬದಲಾಯಿಸಲಾಗದ ಕಾಗದ ರಂಗನಾಯಕಿಗೆ ಹೊಸದೇನಲ್ಲ. ಅವಳ ವಿಷಯದಲ್ಲಿ ಇನ್ನೊಂದು ಫಾರಂ ಎಂಟು ವರ್ಷದ ಹಿಂದೆಯೇ ಭರ್ತಿಯಾಗಿತ್ತು. ಅವಳು ದೊಡ್ಡವಳಾದಾಗ ಸೋದರಮಾವ ಕಂದಸಾಮಿ ಮೆಟ್ಟುಪಾಳ್ಯದಿಂದ ತಟ್ಟೆ ತುಂಬ ವೀಳ್ಯದೆಲೆ, ಅಡಿಕೆ ತಂದು ಅವಳ ಅಪ್ಪ ಚಿನ್ನಸಾಮಿಯ ಮುಂದೆ ಇಟ್ಟಿದ್ದರು. ಅವರ ಮನೆತನದಲ್ಲಿ ಇದಕ್ಕೆ ಉರಿಮೆ ಎಂದು ಹೆಸರು. ಈ ಹೆಣ್ಣಿನ ಮೇಲೆ ಮೊದಲ ಹಕ್ಕು ನಮ್ಮ ಹುಡುಗನದು ಎಂದು ಅರ್ಥ. ಹುಡುಗ ಮಾವನ ಮಗ ನಟರಾಜನ್; ಮೆಟ್ಟುಪಾಳ್ಯದಲ್ಲಿ ತರಕಾರಿ, ಅಡಿಕೆ ಮಂಡಿ ನೋಡಿಕೊಳ್ಳುವವನು. ಆಗ ಅವನಿಗೆ ಹತ್ತೊಂಬತ್ತು, ಅವಳಿಗೆ ಹದಿನಾಲ್ಕು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಪಾಯಸ ಮಾತ್ರ ಎರಡು ಸಲ ಬಡಿಸಿದರು.

ಬಯ್ಯುವವರು, ಬಾಗಿಲು ಹಾಕಿ ಕೂಡಿಹಾಕುವವರು ಇದ್ದಿದ್ದರೆ ಎದುರು ನಿಲ್ಲಬಹುದಿತ್ತು. ಅವಳ ಮನೆಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ. "ಹೆಣ್ಣು ಓದ್ಲಿ ಬಿಡಿ, ನಮ್ಮನೆಗೆ ಬರೋಳು ತಾನೆ," ಎಂದು ಮಾಮ ಹೇಳಿದ್ದರಿಂದಲೇ ಅವಳು ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಬಂದದ್ದು. ಈಗ ಅದೇ ಮಾಮ, "ಮಾರ್ಕೆಟಿಂಗ್ ತಗೊ ಕಣ್ಣು, ನಾಳೆ ಮಂಡಿಗೆ ಆಗತ್ತೆ. ನಟರಾಜನಿಗೂ ಅದೇ ಆಸೆ. ಓದು ಮುಗಿದ ಕೂಡ್ಲೆ ತೈ ಮಾಸದಲ್ಲಿ, ಸಂಕ್ರಾಂತಿ ಕಳೀತಿದ್ದಂಗೆ ಕಲ್ಯಾಣ," ಎಂದಿದ್ದರು. ಎಲ್ಲರೂ ಪ್ರೀತಿಯಿಂದ ಒಂದೊಂದು ಎಳೆ ಸುತ್ತಿದರು. ಉಸಿರು ಕಟ್ಟುತ್ತಿದೆ ಎಂದು ಹೇಳಿದರೆ ಅವಳೇ ಕೆಟ್ಟವಳು.

ಇಷ್ಟಕ್ಕೂ ಆ ನಟರಾಜನಾದರೂ ಕೆಟ್ಟವನೇ? ಅದೂ ಇಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಕಣ್ಣು ಬಿಟ್ಟಾಗಿನಿಂದ ಎದುರಿಗೇ ನಿಂತಿದ್ದ ಗಿಡ ಅವನು.

* * *

ಬುಧವಾರ ಮಧ್ಯಾಹ್ನ ಹಾಸ್ಟೆಲ್ ಗೇಟಿನಲ್ಲಿ ಕೂರುವ ಅಂಗಮ್ಮ ಮಹಡಿಯ ಕಡೆ ಮುಖ ಮಾಡಿ ಕೂಗಿದಳು. "ನಾಯಕೀ, ನಿಮ್ಮಣ್ಣ ಬಂದವ್ರೆ."

ಈ ಅಣ್ಣ ಎನ್ನುವುದಕ್ಕೆ ಒಂದು ಕಥೆ ಇದೆ. ನಾಲ್ಕು ವರ್ಷದ ಹಿಂದೆ, ಬಿ.ಎಸ್ಸಿ. ಸೇರಿದ ಮೊದಲ ದಿನ, ಯಾರು ಯಾರು ನೋಡಲು ಬರಬಹುದು ಎಂದು ಒಂದು ಕಾರ್ಡು ಬರೆದುಕೊಡಬೇಕಾಗಿತ್ತು. ಅಪ್ಪ, ಅಣ್ಣತಮ್ಮಂದಿರು ಬಿಟ್ಟರೆ ಬೇರೆ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ರಂಗನಾಯಕಿ ನಟರಾಜನ ಹೆಸರು ಬರೆದು, ಸಂಬಂಧ ಎಂಬಲ್ಲಿ 'ಬ್ರದರ್' ಎಂದು ದುಂಡಗೆ ಬರೆದಿದ್ದಳು. ಅರ್ಧ ಅನುಕೂಲಕ್ಕೆ, ಅರ್ಧ ಹೊಟ್ಟೆಯುರಿಗೆ. ಉರಿಮೆ ಇರುವ ಗಂಡನ್ನು ಅಣ್ಣ ಅನ್ನುವುದು ಅವರ ಕಡೆ ಸಣ್ಣ ಅವಮಾನವಲ್ಲ. ಅವನು ಅದನ್ನು ಓದಿದ, ಅವಳ ಮುಖವನ್ನು ಒಂದು ಸಲ ನೋಡಿದ, ಪೆನ್ನು ಕೇಳಿ ಇಸಿದುಕೊಂಡು ಸಹಿ ಹಾಕಿದ. ಅಂದಿನಿಂದ ಪ್ರತಿ ಬುಧವಾರ ಕೊಯಮತ್ತೂರಿನ ಉಕ್ಕಡದ ಮಾರುಕಟ್ಟೆಗೆ ತರಕಾರಿ ಲೋಡು ಬಿಟ್ಟು, ಅವಳ ಊರಾದ ಸಿರುಮುಗೈಯಿಂದ ಅಜ್ಜಿ ಕಳಿಸಿದ ಟಿಫಿನ್ ಕ್ಯಾರಿಯರ್ ಹಿಡಿದು ಬಂದು, ಗೇಟಿನ ಪುಸ್ತಕದಲ್ಲಿ ತಂಗಿಯನ್ನು ನೋಡಲು ಬಂದ ಅಣ್ಣನಾಗಿ ರುಜು ಹಾಕುತ್ತಿದ್ದ. ತಂಗಿ ಎಂಬ ಮಾತು ಮಾತ್ರ ಅವನ ಬಾಯಿಂದ ಯಾವತ್ತೂ ಬಂದಿರಲಿಲ್ಲ.

ಅವನು ಕಾಗದದ ಹೂವಿನ ಬಳ್ಳಿಯ ಪಕ್ಕ ನಿಂತಿದ್ದ. ಎಡಹೆಗಲ ಮೇಲೆ ಮಂಡಿಯ ತುಂಡು, ಹಸಿರು ಅಂಚಿನ ಬಿಳಿ ಟವೆಲ್ಲು. ನೇರವಾಗಿ ನೋಡುವ ಗಂಡಲ್ಲ ಅವನು. ಬಳ್ಳಿಯನ್ನು ನೋಡಿದ, ಅಂಗಮ್ಮನ ಕುರ್ಚಿಯನ್ನು ನೋಡಿದ, ಆ ಎರಡರ ನಡುವೆ ದಾರಿಯಲ್ಲಿ ಸಿಕ್ಕಿತೆಂಬಂತೆ ಅವಳನ್ನು ಒಂದು ಕ್ಷಣ ನೋಡಿದ. ಆ ಒಂದು ಕ್ಷಣಕ್ಕೆ ಕೈ ತಾನಾಗಿ ದಾವಣಿಯ ಸೆರಗನ್ನು ಸರಿ ಮಾಡಿದ್ದಕ್ಕೆ ರಂಗನಾಯಕಿಗೆ ತನ್ನ ಮೇಲೇ ಕೋಪ ಬಂತು.

"ಅಜ್ಜಿ ಕೊಟ್ಟು ಕಳ್ಸಿದ್ದು. ಕೆಳಗಿನ ಡಬ್ಬಿ ಅಲ್ಲಾಡಿಸ್ಬೇಡ, ರಸ ಐತೆ."

"ಹೋದ ವಾರ ಮೇಲಿನ ಡಬ್ಬಿ ಅರ್ಧ ಖಾಲಿ ಇತ್ತು."

"ಲೋಡು ಇಳಿಸೋರಿಗೆ ಹಸಿವಾಗಲ್ವಾ?"

"ಯಾರದು ಲೋಡು ಇಳಿಸೋರು? ಹೆಸರೇನು?"

"ನಟರಾಜನ್ ಅಂತ. ಒಳ್ಳೆ ಹುಡುಗ, ಪಾವಂ, ಪಾಪದೋನು."

ಅವಳು ತುಟಿ ಕಚ್ಚಿಕೊಂಡಳು. ನಗು ಬಂದರೆ ಸೋತಂತೆ.

"ಅದೇನೋ ಫಾರಂ ಅಂತೆ," ಎಂದ ಅವನು ಕ್ಯಾರಿಯರ್ ಕೊಡುತ್ತಾ. "ಮೇಜರ್ ಒಂದು, ಮೈನರ್ ಒಂದು, ಮತ್ತೆ ಸಪೋರ್ಟು ಎರಡು. ಅನ್ನ, ಸಾರು, ಆಮೇಲೆ ಪೊರಿಯಲ್ಲು ಅಪ್ಪಳ ಇದ್ದಂಗೆ, ಅಲ್ವಾ?"

"ಅನ್ನ ಮಾತ್ರ ನಂದು. ಮಿಕ್ಕಿದ್ದೆಲ್ಲ ನಿಮ್ಮ ಮಂಡಿಲೇ ತೀರ್ಮಾನ ಆಗಿದ್ಯಲ್ಲ. ಮಾರ್ಕೆಟಿಂಗ್."

ಕ್ಯಾರಿಯರ್ ಇಬ್ಬರ ಕೈ ನಡುವೆ ನಿಂತಿತು. "ಯಾರು ಹೇಳಿದ್ದು?"

"ಮಾಮ ಹೇಳಿದ್ರು. ನಿಮಗೂ ಅದೇ ಆಸೆ ಅಂತೆ."

ಅವನು ಬಳ್ಳಿಯ ಕಡೆ ತಿರುಗಿದ. ಮೆಲ್ಲಗೆ, "ನಿಂಗೇನಾಸೆ?" ಎಂದ.

ಎಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಗಂಟಲವರೆಗೂ ಬಂತು. ಆದರೆ ಸಾಕಿದ ಕೋಪ ಅಷ್ಟು ಬೇಗ ಮನೆ ಬಿಟ್ಟು ಹೋಗುವುದಿಲ್ಲ. "ಕೇಳಿ ಏನ್ ಮಾಡ್ತೀರಿ?" ಎಂದುಬಿಟ್ಟಳು. ಅವಳಿಗೆ ಓದಲು ಬರೆಯಲು ತಮಿಳು, ಇಂಗ್ಲಿಷು. ಮನೆಮಾತು ಕನ್ನಡವಾದರೂ ಮನೆಯಲ್ಲಿ ಒಬ್ಬರಿಗೂ ಅದರ ಒಂದು ಅಕ್ಷರ ಬರೆಯಲು ಬಾರದು. ಆದರೂ ಕೋಪ ಬರುವುದು ಮಾತ್ರ ಆ ಬರೆಯಲು ಬಾರದ ಭಾಷೆಯಲ್ಲೇ.

ನಟರಾಜನ್ ಪುಸ್ತಕದಲ್ಲಿ ಹೊರಡುವ ಸಮಯ ಬರೆದ. "ನಾಳೆ ಊರಿಗೆ ಬಾ. ಅಪ್ಪನೂ ನಾನೂ ಮಧ್ಯಾಹ್ನ ಬರ್ತೀವಿ. ಫಾರಂ ತಗೊಂಡೇ ಬಾ."

ಅವನೂ ಅಪ್ಪಣೆ ಮಾಡುವವನೇ, ಎಂದುಕೊಂಡಳು ರಂಗನಾಯಕಿ. ರಸ ತಣ್ಣಗಾಗುವವರೆಗೂ ಅವಳು ಡಬ್ಬಿ ತೆರೆಯಲಿಲ್ಲ.

* * *

ಗುರುವಾರ ಬೆಳಗಿನ ಬಸ್ಸು ಮೆಟ್ಟುಪಾಳ್ಯಕ್ಕೆ ಬಂದಾಗ ಮಂಡಿಗಳಲ್ಲಿ ವ್ಯಾಪಾರ ಜೋರಾಗಿತ್ತು. ಸಿರುಮುಗೈ ಬಸ್ಸಿಗೆ ಕಾಯುತ್ತಾ ಅವಳು ಆ ಕಡೆಗೆ ನೋಡಿದಳು. ಅಡಿಕೆಗೆ ಅಲ್ಲಿ ಬಾಯಲ್ಲಿ ಬೆಲೆ ಹೇಳುವ ಪದ್ಧತಿಯಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಂಡು, ಮೇಲೆ ಒಂದು ತುಂಡು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಬೆರಳ ಗಿಣ್ಣು ಒತ್ತಿದರೆ ಅರ್ಧ. ಮುಷ್ಟಿಯನ್ನು ಪೂರ್ತಿ ಮುಚ್ಚಿ ಹಿಡಿದರೆ ಒಪ್ಪಿದ ಹಾಗೆ; ಆಮೇಲೆ ಯಾರೂ ಹಿಂದೆಗೆಯುವಂತಿಲ್ಲ. ಪಕ್ಕದಲ್ಲಿ ನಿಂತವನಿಗೂ ಒಂದೂ ಗೊತ್ತಾಗುವುದಿಲ್ಲ.

ಅವಳಿಗೆ ಏಳು ವರ್ಷವಿದ್ದಾಗ ಅಡಿಕೆ ಮೂಟೆಯ ಮೇಲೆ ಕೂರಿಸಿ ಆ ಲೆಕ್ಕ ಕಲಿಸಿದವನು ನಟರಾಜನ್. ಕೊಬ್ಬರಿ ಮಿಠಾಯಿಗೆ ಇಬ್ಬರೂ ತುಂಡಿನ ಕೆಳಗೆ ಚೌಕಾಸಿ ಮಾಡುತ್ತಿದ್ದರು. ವೀಳ್ಯದ ತಟ್ಟೆ ಬಂದ ದಿನದಿಂದ ಆ ಆಟ ನಿಂತುಹೋಯಿತು. ಹಕ್ಕು ಬಂತು, ಮಾತು ಹೋಯಿತು.

ಊರಿನಲ್ಲಿ ಅಜ್ಜಿ ಸಾಮಿಯಾತಾಳ್ ಹಾಗಲ ಚಪ್ಪರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಲ್ಲುಕಂಬ, ತಂತಿ, ಮೇಲೆಲ್ಲ ಹಸಿರು, ಅದರೊಳಗೆ ಹಳದಿ ಹೂವು. ರಂಗನಾಯಕಿ ಪುಟ್ಟವಳಿದ್ದಾಗ ಬೆಳಗೆದ್ದು ಗಂಡುಹೂ ಕಿತ್ತು ಹೆಣ್ಣುಹೂವಿಗೆ ಒಂದೊಂದಾಗಿ ಮುಟ್ಟಿಸುವುದು ಈ ಅಜ್ಜಿಯ ಕೆಲಸ. ಹಾಗೆ ಮಾಡದಿದ್ದರೆ ಕಾಯಿ ಕಚ್ಚುತ್ತಿರಲಿಲ್ಲ.

"ಅಜ್ಜಿ, ಇವತ್ತು ಹೂ ಮುಟ್ಟಿಸಿ ಆಯ್ತಾ?"

"ಆ ಕೆಲ್ಸ ಬಿಟ್ಟು ವರ್ಷ ಆಯ್ತು ಕಣ್ಣು. ಈಗ ಜೇನೇ ಬರ್ತೈತೆ." ಅಜ್ಜಿ ಬುಟ್ಟಿ ಒಳಗಿನ ಕಾಯಿ ತೋರಿಸಿದಳು. "ಎಲ್ಲ ನಟರಾಜನ ಪಿಡಿವಾದ, ಹಿಡಿದ ಹಠ. ಬೆಳಗ್ಗೆ ಹೊತ್ತು ಹುಳದ ಮರುಂದು ಹೊಡೆದೋರ ಕಾಯಿ ನಮ್ಮ ಮಂಡಿಗೆ ಬೇಡ, ಹೊಡೆಯೋದಾದ್ರೆ ಸೂರ್ಯ ಇಳಿದ್ಮೇಲೆ ಹೊಡೀರಿ ಅಂತ ಈ ಸುತ್ತು ನಾಲ್ಕೂರಿಗೂ ಹೇಳ್ಬಿಟ್ಟವ್ನೆ. ಮೊದ್ಲು ಎಲ್ರೂ ಬೈದ್ರು, ನಿಮ್ಮಪ್ಪನೂ ಬೈದ. ಅವರಪ್ಪನಿಗೆ ಆರು ತಿಂಗ್ಳು ಇವನ ಹತ್ರ ಮಾತಿಲ್ಲ. ಈಗ ಕಾಯಿ ನೋಡಿ ಎಲ್ರೂ ಸುಮ್ಕವ್ರೆ."

ರಂಗನಾಯಕಿ ಕಂಬಕ್ಕೆ ಒರಗಿದಳು. ಎರಡು ವರ್ಷದ ಹಿಂದೆ, ಇದೇ ಚಪ್ಪರದ ಕೆಳಗೆ, ಬೆಳಗ್ಗೆ ಏಳು ಗಂಟೆಗೆ ಅಪ್ಪ ಔಷಧಿ ಹೊಡೆಸುತ್ತಿದ್ದರು. ಕಾಯಿ ನೋಡಲು ಬಂದಿದ್ದ ನಟರಾಜನ ಮೇಲೆ ಅವಳು ಹರಿಹಾಯ್ದಿದ್ದಳು. ಅಪ್ಪನಿಗೆ ಹೇಳಲಾಗದ್ದನ್ನು ಅವನಿಗೆ ಹೇಳಿದ್ದಳು. "ಹೂ ಬಿಟ್ಟ ಹೊತ್ತಲ್ಲಿ ವಿಷ ಹೊಡೆದ್ರೆ ಜೇನು ಎಲ್ಲಿಂದ ಬರತ್ತೆ? ನಿಮ್ಮ ಮಂಡಿಗೆ ಮೂಟೆ ಸಾಕು, ಹೂ ಯಾಕೆ!" ಅವನು ಒಂದು ಮಾತೂ ಆಡದೆ ಹೋಗಿದ್ದ. ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು ಎಂದುಕೊಂಡಿದ್ದಳು.

ನಾಲ್ಕು ಊರಿಗೆ ಹೇಳಿದವನು ಬುಧವಾರ ಬುಧವಾರ ಬಂದು ಅವಳಿಗೊಬ್ಬಳಿಗೆ ಹೇಳಿರಲಿಲ್ಲ.

ಒಂದು ಜೇನು ಅವಳ ಕಿವಿಯ ಪಕ್ಕದಲ್ಲೇ ಹೂವಿನೊಳಗೆ ಇಳಿಯಿತು. ಅಭ್ಯಾಸಬಲದಿಂದ ಅವಳು ಗಂಟೆ ನೋಡಿದಳು, ಆದರೆ ನೋಟ್‌ಬುಕ್ ತೆಗೆಯಲಿಲ್ಲ.

* * *

ಊಟವಾದ ಮೇಲೆ ಮಾಮ ಕಂದಸಾಮಿ ಮೊಗಸಾಲೆಯ ಚಾಪೆಯ ಮೇಲೆ ಕೂತು, ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಅವಳ ಕೈಗೇ ಕೊಟ್ಟರು.

"ಬರಿ ಕಣ್ಣು. ಒಳ್ಳೆ ಹೊತ್ತು, ರಾಹುಕಾಲ ಇನ್ನೂ ಬಂದಿಲ್ಲ."

ಅಪ್ಪ ಕಂಬದ ಬಳಿ, ಅಮ್ಮ ರಾಮಾತಾಳ್ ಅಡುಗೆಮನೆಯ ಬಾಗಿಲಲ್ಲಿ, ಅಜ್ಜಿ ಜಗುಲಿಯ ತುದಿಯಲ್ಲಿ. ನಟರಾಜನ್ ಹೊಸ್ತಿಲ ಹತ್ತಿರ ನಿಂತೇ ಇದ್ದ, ಕೂರಲಿಲ್ಲ. ಎಲ್ಲರ ಮುಖದಲ್ಲೂ ಅಕ್ಕರೆ. ಆ ಅಕ್ಕರೆಯ ಮಧ್ಯೆ ರಂಗನಾಯಕಿಗೆ ಉಗುಳಲೂ ಆಗದ, ನುಂಗಲೂ ಆಗದ ಸ್ಥಿತಿ. ಎಂಟಮಾಲಜಿ ಎಂದು ಬರೆದರೆ ಮಾಮ ಕೈ ಎತ್ತುವವರಲ್ಲ, ಅವರ ಮುಖ ಬಾಡುತ್ತದೆ, ಅಷ್ಟೇ. ಅಮ್ಮ ತನ್ನ ಅಣ್ಣನ ಎದುರು ತಲೆ ತಗ್ಗಿಸುತ್ತಾಳೆ. ಅಷ್ಟು ಸಾಕು, ಅವಳ ಕೈ ಕಟ್ಟಿಹಾಕಲು.

ಅವಳು ಫಾರಂನ ಎರಡನೆಯ ಸಾಲಿನ ಮೇಲೆ ಪೆನ್ನಿಟ್ಟಳು. ಎಂ ಎಂಬ ಇಂಗ್ಲಿಷ್ ಅಕ್ಷರದ ಮೊದಲ ಗೆರೆ ಬಿತ್ತು.

"ಇರು," ಎಂದ ನಟರಾಜನ್.

ಅವನು ಹೊಸ್ತಿಲು ದಾಟಿ ಒಳಗೆ ಬಂದು, ಹೆಗಲ ತುಂಡು ತೆಗೆದು ಸೊಂಟಕ್ಕೆ ಸುತ್ತಿ, ಅವಳ ಅಪ್ಪನ ಮುಂದೆ ಎರಡೂ ಕೈ ಚಾಚಿದ. "ಮಾವ, ನಂಗೆ ವೀಳ್ಯ ಕೊಡಿ."

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಮ್ಮನ ಕೈಯಿಂದ ಲೋಟ ಜಾರಿತು. ಉರಿಮೆ ಬಿಡಬೇಕಾದರೆ ಗಂಡೇ ಹೆಣ್ಣಿನ ಮನೆಗೆ ಬಂದು, ಅವಳ ಅಪ್ಪನ ಕೈಯಿಂದ ವೀಳ್ಯ ಇಸಿದುಕೊಂಡು ಹೋಗಬೇಕು. ಒಮ್ಮೆ ಇಸಿದುಕೊಂಡವನು ಆ ಹೆಣ್ಣನ್ನು ಮತ್ತೆ ಜನ್ಮದಲ್ಲಿ ಕೇಳುವಂತಿಲ್ಲ. ಅವರ ಮನೆತನದಲ್ಲಿ ಹಾಗೆ ಮಾಡಿದವರಲ್ಲಿ ಅಜ್ಜಿ ತನ್ನ ಕಾಲದಲ್ಲಿ ಒಬ್ಬನನ್ನು ಮಾತ್ರ ಕಂಡಿದ್ದಳು. ಅವನು ಸಾಯುವವರೆಗೂ ಊರು ಅವನನ್ನು ನೋಡಿ ನಗಾಡಿತ್ತು.

"ಬುದ್ಧಿ ಕೆಟ್ಟೋಯ್ತೇನೋ?" ಎಂದರು ಕಂದಸಾಮಿ.

"ಇಲ್ಲಪ್ಪ. ನಂಗೆ ಮಾರ್ಕೆಟಿಂಗ್ ಆಸೆ ಅಂತ ನೀವು ನನ್ನ ಕೇಳ್ದೆ ಹೇಳಿದ್ರಿ. ಈಗ ನಾನು ನಿಮ್ಮನ್ನ ಕೇಳ್ದೆ ಇದನ್ನ ಮಾಡ್ತಾ ಇದ್ದೀನಿ." ದನಿ ಏರಲಿಲ್ಲ. "ಅವಳು ಬೇಕಾದ್ದು ಓದ್ಲಿ. ಯಾರ ಮನೆಗೆ ಹೋಗ್ಬೇಕೋ ಅವಳೇ ನೋಡ್ಕೊಳ್ಲಿ. ಹಾಸ್ಟೆಲಲ್ಲಿ ನಾಲ್ಕು ವರ್ಷದಿಂದ ನಾನು ಏನಂತ ರುಜು ಹಾಕ್ತಾ ಇದ್ದೀನಿ ಅಂತ ಅವಳಿಗೆ ಗೊತ್ತು. ಬರ್ದೋರು ಯೋಚ್ನೆ ಮಾಡೇ ಬರ್ದಿರ್ತಾರೆ. ಕೊಡಿ ಮಾವ."

ಚಿನ್ನಸಾಮಿ ಭಾವನ ಮುಖ ನೋಡಿದರು, ಮಗಳ ಮುಖ ನೋಡಿದರು. ಎದುರಿಗಿದ್ದ ತಾಂಬೂಲದ ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಕೊಟ್ಟರು. ನಟರಾಜನ್ ಅದನ್ನು ಕಣ್ಣಿಗೊತ್ತಿಕೊಂಡು ಹೊರಟ. ಹೊಸ್ತಿಲಲ್ಲಿ ತಿರುಗಿ ನೋಡಿದ, ಈ ಸಲ ನೇರವಾಗಿ. ನೋಡಲು ಬಳ್ಳಿಯೂ ಇರಲಿಲ್ಲ, ಅಂಗಮ್ಮನ ಕುರ್ಚಿಯೂ ಇರಲಿಲ್ಲ. "ಈಗ ಬರಿ," ಎಂದ.

ಅವನ ಹಿಂದೆಯೇ ಕಂದಸಾಮಿಯೂ ಪೆನ್ನು ಬಿಟ್ಟು ಎದ್ದುಹೋದರು.

ರಂಗನಾಯಕಿ ಎಂ ಅಕ್ಷರದ ಆ ಒಂದು ಗೆರೆಗೆ ಮೂರು ಅಡ್ಡಗೆರೆ ಸೇರಿಸಿ ಇ ಮಾಡಿ, ಎಂಟಮಾಲಜಿ ಎಂದು ಬರೆದು ಮುಗಿಸಿದಳು. ಎಂಟು ವರ್ಷ ಮನಸ್ಸಿನಲ್ಲಿ ಕೇಳಿದ್ದು ಕೈಗೆ ಬಂದಿತ್ತು. ಆದರೂ ಎದೆಯ ಭಾರ ಇಳಿಯಲಿಲ್ಲ. ಪಂಜರದ ಬಾಗಿಲು ತೆಗೆದವನೇ ಮೆಟ್ಟಿಲಿಳಿದು ಹೋಗಿದ್ದ, ಮತ್ತು ಅವಳ ಕಣ್ಣು ಅವನು ಹೋದ ದಾರಿಯನ್ನೇ ನೋಡುತ್ತಿತ್ತು. ಹಿತ್ತಲ ಗಿಡವನ್ನು ಕಿತ್ತ ಮೇಲೆ ಹಿತ್ತಲೇ ಬೋಳಾಗಿ ಕಂಡಿತು.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಅಳ್ತೀಯಾ, ನಗ್ತೀಯಾ?"

"ನಂಗೇ ತಿಳೀತಿಲ್ಲ ಅಜ್ಜಿ. ಅವ್ರು ಇನ್ನ ಯಾವತ್ತೂ ಕೇಳೋ ಹಂಗಿಲ್ವಾ?"

"ಇಲ್ಲ. ಅದು ಮುರೆ, ನಮ್ಮೋರ ಕಟ್ಟಳೆ."

"ಏನು ಮಾಡಿದ್ರೂ?"

ಸಾಮಿಯಾತಾಳ್ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದಳು. "ಗಂಡು ಕೇಳೋ ಹಂಗಿಲ್ಲ ಅಂತ ಮುರೆ ಐತೆ ಕಣ್ಣು. ಹೆಣ್ಣು ಕೇಳ್ಬಾರ್ದು ಅಂತ ನಂಗೆ ಯಾರೂ ಹೇಳಿಲ್ಲ. ಬಹುಶಃ ಯಾರೂ ಕೇಳೇ ಇಲ್ಲ, ಅದ್ಕೆ ಮುರೆ ಮಾಡಿಲ್ಲ."

* * *

ಶುಕ್ರವಾರ ಬೆಳಗ್ಗೆ ಮೆಟ್ಟುಪಾಳ್ಯದಲ್ಲಿ ಇಳಿದವಳು ಕೊಯಮತ್ತೂರು ಬಸ್ಸು ಹತ್ತಲಿಲ್ಲ. ಸೀದಾ ಮಂಡಿಗೆ ನಡೆದಳು.

ವ್ಯಾಪಾರ ನಡೆದೇ ಇತ್ತು. ಹಮಾಲರು, ಮೂಟೆ, ಧೂಳು, ಹತ್ತು ಜನ ಒಟ್ಟಿಗೆ ಕೂಗುವ ತಮಿಳು. ಒಳಗೆ ಗದ್ದಿಗೆಯ ಮೇಲೆ ಮಾಮ ಕಂದಸಾಮಿ ಅವಳನ್ನು ಕಂಡು ಮುಖ ತಿರುಗಿಸಿದರು. ನಟರಾಜನ್ ಅಡಿಕೆ ಮೂಟೆಗಳ ಹತ್ತಿರ ಒಬ್ಬ ವ್ಯಾಪಾರಿಯ ಕೈ ಬಿಟ್ಟು ತುಂಡು ಮಡಚುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು.

"ಬಸ್ಸು ತಪ್ಪೋಯ್ತಾ?" ಎಂದ, ಮೂಟೆಯನ್ನು ನೋಡುತ್ತಾ.

ಅವಳು ಎದುರಿನ ಮೂಟೆಯ ಮೇಲೆ ಕೂತಳು, ಏಳು ವರ್ಷದವಳು ಕೂರುತ್ತಿದ್ದ ಹಾಗೆ. "ತುಂಡು ಹಾಕು ಬಾವ. ಒಂದು ಬೆಲೆ ಮಾತಾಡೋದೈತೆ."

ಬಾವ ಎಂದು ಅವಳು ಕರೆದದ್ದು ಎಂಟು ವರ್ಷದ ಮೇಲೆ. ಆ ಎಂಟು ವರ್ಷ 'ಇಲ್ ನೋಡಿ', 'ನಿಮ್ಮನ್ನೇ' ಇವುಗಳಲ್ಲೇ ಕಳೆದಿತ್ತು. ನಟರಾಜನ ಕೈ ತುಂಡಿನ ಮೇಲೇ ನಿಂತಿತು.

"ನಾಯಕಿ, ನಾನು ಏನೂ ಕೇಳೋ ಹಂಗಿಲ್ಲ. ನೆನ್ನೆ..."

"ನೀನು ಕೇಳ್ಬೇಡ. ಕೈ ಕೊಡು, ಸಾಕು."

ಅವನು ಕೈ ಚಾಚಿದ. ಅವಳೇ ತುಂಡು ತೆಗೆದು ಎರಡು ಕೈಗಳ ಮೇಲೆ ಹೊದಿಸಿದಳು. ಸುತ್ತಲಿನವರಿಗೆ ಅದು ದಿನಕ್ಕೆ ನೂರು ಸಲ ಕಾಣುವ ನೋಟ, ಯಾರೂ ತಲೆ ಎತ್ತಲಿಲ್ಲ. ತುಂಡಿನ ಕೆಳಗೆ ಅವನ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು.

ಅವಳು ಅವನ ಮೂರು ಬೆರಳು ಹಿಡಿದಳು.

"ಮೂರು ಏನು?" ಎಂದ ಅವನು, ಉಸಿರಿನಲ್ಲಿ.

"ವರ್ಷ. ನನ್ನ ಜೇನು ಮುಗಿಯೋಕೆ. ಅಷ್ಟು ದಿನ ಕಾಯೋರು ಇದ್ರೆ ನಾನು ಈ ಮಂಡಿಗೆ ಬರ್ತೀನಿ. ಯಾರ ಉರಿಮೆಗೂ ಅಲ್ಲ, ನಾನಾಗಿ."

ಅವನು ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ, ನಾಲ್ಕು ವರ್ಷದ ಬುಧವಾರಗಳ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವವನಂತೆ. ಆಮೇಲೆ ಅವನ ಬಾಯ ಅಂಚಿನಲ್ಲಿ ಹಳೆಯ ಕೊಬ್ಬರಿ ಮಿಠಾಯಿ ದಿನಗಳ ತುಂಟತನ ಬಂತು. ತುಂಡಿನ ಕೆಳಗೆ ಅವನು ಅವಳ ಎರಡು ಬೆರಳು ಹಿಡಿದು, ಮೂರನೆಯದರ ಗಿಣ್ಣನ್ನು ಮೆಲ್ಲಗೆ ಒತ್ತಿದ. ಎರಡೂವರೆ.

"ಹುಟ್ಟುಗುಣ ಬಿಡಲ್ಲ," ಎಂದಳು ಅವಳು, ಮತ್ತು ಮೂರೂ ಬೆರಳನ್ನು ಗಟ್ಟಿಯಾಗಿ ಹಿಡಿದಳು.

"ಕಡಿಮೆ ಆಗಲ್ವಾ?"

"ಮಳೆ ಕೈಕೊಟ್ರೆ ಹೆಚ್ಚೇ ಆಗ್ಬೋದು."

ಅವನು ಅವಳ ಕೈಯನ್ನು ಪೂರ್ತಿ ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ. ವ್ಯಾಪಾರ ಮುಗಿದಿತ್ತು. ಆದರೂ ಇಬ್ಬರೂ ಕೈ ಬಿಡಲಿಲ್ಲ. ಕೊನೆಗೆ ಗದ್ದಿಗೆಯಿಂದ ಕಂದಸಾಮಿಯೇ ಕೂಗಬೇಕಾಯಿತು. "ಎಷ್ಟು ಹೊತ್ತೋ ಅದು? ಏನು, ಮಂಡಿನೇ ಮಾರ್ತಾ ಇದ್ದೀಯಾ?"

ನಟರಾಜನ್ ಅವರ ಕಡೆ ತಿರುಗದೆಯೇ ಹೇಳಿದ. "ಇಲ್ಲಪ್ಪ. ನಾನೇ ಮಾರಿಹೋಗ್ಬಿಟ್ಟೆ."

* * *

ನಾಲ್ಕೂ ಮುಕ್ಕಾಲಿಗೆ ಸೋಮಸುಂದರಂ ಫಾರಂ ಮೇಲೆ ಕಣ್ಣು ಹಾಯಿಸಿದರು. "ಎಂಟಮಾಲಜಿ. ಭೇಷ್. ಮೊದಲ ಅಕ್ಷರ ಯಾಕೋ ಒದ್ದಾಡಿದೆ. ನಾಲ್ಕನೇ ಸಾಲು ಇನ್ನೂ ಖಾಲಿ ಇದೆಯಲ್ಲಮ್ಮಾ?"

ಅವಳು ಅವರ ಪೆನ್ನನ್ನೇ ಕೇಳಿ ತೆಗೆದುಕೊಂಡು, ಸಪೋರ್ಟಿಂಗ್ ವಿಷಯದ ಆ ಕೊನೆಯ ಸಾಲಿನಲ್ಲಿ ಮಾರ್ಕೆಟಿಂಗ್ ಎಂದು ಬರೆದಳು. ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಇದು ಮನೆಯವರ ಒತ್ತಾಯವೇ?"

"ಇಲ್ಲ ಸಾರ್. ಇದು ನನ್ನದೇ."

ಅವರು ಸಹಿ ಹಾಕಿದರು. ಇನ್ನು ಬ್ರಹ್ಮ ಬಂದರೂ ಬದಲಾಗದು ಎಂಬುದು ನೆನಪಾಗಿ ರಂಗನಾಯಕಿಗೆ ನಗು ಬಂತು. ಈ ನಗುವಿನ ಹಿಂದೆ ಅಳು ಇರಲಿಲ್ಲ.

ಹಾಸ್ಟೆಲ್ ಗೇಟಿನಲ್ಲಿ ಅಂಗಮ್ಮ ಹೂ ಕಟ್ಟುತ್ತಿದ್ದಳು. ರಂಗನಾಯಕಿ ತನ್ನ ಕಾರ್ಡು ಕೇಳಿ ಇಸಿದುಕೊಂಡಳು. ನಾಲ್ಕು ವರ್ಷದಲ್ಲಿ ಅಂಚು ಸವೆದು ಮಾಸಿತ್ತು. ಬ್ರದರ್ ಎಂಬ ದುಂಡು ಅಕ್ಷರಗಳ ಮೇಲೆ ಒಂದು ಗೆರೆ ಎಳೆದಳು.

"ಅಯ್ಯೋ, ಅದನ್ನ ಯಾಕಮ್ಮಾ ಹೊಡೆದುಹಾಕ್ದೆ?" ಅಂಗಮ್ಮ ಹೂ ಬಿಟ್ಟು ಎದ್ದಳು. "ಅಣ್ಣ ಅಲ್ಲ ಅಂದ್ರೆ ಗೇಟಿನ ಒಳಗೆ ಬಿಡೋ ಹಂಗಿಲ್ಲ. ಬುಧವಾರ ಅವ್ರು ಬಂದ್ರೆ ಏನು ಮಾಡ್ಲಿ?"

"ಹೊರಗೇ ನಿಲ್ಲಿಸು ಅಂಗಮ್ಮ," ಎಂದಳು ರಂಗನಾಯಕಿ. "ನಾನೇ ಹೊರಗೆ ಬರ್ತೀನಿ."